ಶಾಂತಿ ಸಂಘಟನೆ ಬೇಕಾ, ಹಕ್ಕುಗಳ ಕೆಲಸ ಮಾತ್ರ ಸಾಕಾ?

ಮಹಿಳೆಯರ ಶಾಂತಿ ಮತ್ತು ಹಕ್ಕುಗಳ ಸಂಘಟನೆಗೆ ಸೇರುವ ಮನಸ್ಸಿದೆ, ಆದರೆ 'ಶಾಂತಿ' ಅಂದರೆ ಬರೀ ಮೇಣದಬತ್ತಿ, ಮೌನ ಮೆರವಣಿಗೆ ಅನ್ನಿಸುತ್ತೆ, ಹಕ್ಕುಗಳ ಕೆಲಸ ಮಾತ್ರ ಮಾಡಿದರೆ ಸಾಲದೇ ಅಂತ ಕೇಳಿದ್ದೀರಿ. ಇದೇ ಮಾತನ್ನು ನಾನು ಮೊದಲ ಸಭೆಯಲ್ಲೇ ಎದ್ದು ನಿಂತು ಹೇಳಿದ್ದೆ. ಯಾರೂ ವಾದಕ್ಕೆ ಬರಲಿಲ್ಲ. "ಸರಿ, ಹಾಗಾದ್ರೆ ವರದಿ ತಂಡಕ್ಕೆ ಬಾ" ಅಂದರು.

ವರದಿ ಅಂದರೆ ಪರ್ಯಾಯ ವರದಿ. ಮಹಿಳೆಯರ ವಿರುದ್ಧದ ತಾರತಮ್ಯ ಹೋಗಲಾಡಿಸಲು ವಿಶ್ವಸಂಸ್ಥೆ 1979ರಲ್ಲಿ ಒಪ್ಪಿದ ಒಪ್ಪಂದವೊಂದಿದೆ, ಚಿಕ್ಕದಾಗಿ ಸೀಡಾ ಅಂತಾರೆ. ಅದನ್ನು ಅನುಮೋದಿಸಿದ ಸರ್ಕಾರಗಳು ಆಗಾಗ ತಜ್ಞರ ಸಮಿತಿಯ ಮುಂದೆ ಲೆಕ್ಕ ಒಪ್ಪಿಸಬೇಕು. ಸರ್ಕಾರದ ವರದಿಯಲ್ಲಿ ಎಲ್ಲ ಚೆನ್ನಾಗಿಯೇ ಇರುತ್ತದೆ, ಬಿಡಿ. ಅದು ಮುಚ್ಚಿಟ್ಟದ್ದನ್ನು ಸಂಘಟನೆಗಳು ಬೇರೆ ಬರೆದು ಕಳಿಸುತ್ತವೆ. ಇಂಥ ಸಂಘಟನೆಗಳ ಕೆಲಸದಲ್ಲಿ ದೊಡ್ಡ ಪಾಲು ಹೀಗೆ ಕೂತು ಕೇಳೋದು, ಕೂತು ಬರೆಯೋದು. ಫೋಟೋ ತೆಗೆಯುವಂಥದ್ದು ಏನೂ ಇರುವುದಿಲ್ಲ.

ನಾವು ಹೋದ ಕಡೆ ಗುಂಡಿನ ಕಾಳಗ ನಿಂತು ಕೆಲವು ವರ್ಷಗಳಾಗಿದ್ದವು. ಹೆಂಗಸರು ಮನೆಯೊಳಗಿನ ಹೊಡೆತ ಬಡಿತದ ಬಗ್ಗೆ ಹೇಳುತ್ತಿದ್ದರು. ಒಬ್ಬಾಕೆ ಮಾತಿನ ಮಧ್ಯೆ ಬೀರುವಿನ ಕಡೆ ಕೈ ತೋರಿಸಿದಳು. ಮೇಲೆ ಟವೆಲ್ ಸುತ್ತಿಟ್ಟ ಬಂದೂಕು. "ಅವನು ಅದನ್ನ ಕೆಳಗೆ ಇಳಿಸೋದೇ ಬೇಡ. ಒಂದ್ಸಲ ಮೇಲಕ್ಕೆ ನೋಡಿದ್ರೆ ಸಾಕು, ನಾನು ಸುಮ್ನಾಗ್ತೀನಿ" ಅಂದಳು. ಪಕ್ಕದಲ್ಲಿದ್ದವರು ತಲೆಯಾಡಿಸಿದರು. ಅವರ ಮನೆಗಳಲ್ಲೂ ಇತ್ತು.

ನಾನು ಇದನ್ನು ನೋಟ್ಸ್‌ನಲ್ಲಿ ಬರೆದುಕೊಂಡೆ. ವರದಿಯಿಂದ ತೆಗೆದೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ನಿಮ್ಮ ಪ್ರಶ್ನೆಯಲ್ಲೂ ಅದೇ ಯೋಚನೆ ಇದೆ. ವರದಿಗೆ ಪದಗಳ ಮಿತಿ ಇರುತ್ತೆ, ನಮ್ಮದು ಮೀರಿತ್ತು. ನನಗೆ ಕೊಟ್ಟ ಭಾಗ ಕೌಟುಂಬಿಕ ಹಿಂಸೆ. ಬಂದೂಕು ಅಂದರೆ ನಿರಸ್ತ್ರೀಕರಣ, ಅದು ಶಾಂತಿ ತಂಡದವರ ವಿಷಯ, ಅವರು ನೋಡ್ಕೋತಾರೆ ಅಂದುಕೊಂಡೆ. ಹೀಗೆ ಆ ಹೆಂಗಸಿನ ಮಾತು 'ಪತಿಯಿಂದ ನಿರಂತರ ಬೆದರಿಕೆ' ಆಯಿತು. ಶಾಂತಿ ತಂಡದವರೋ, ಶಸ್ತ್ರಾಸ್ತ್ರ ರಫ್ತಿನ ಬಗ್ಗೆ ಮನವಿ ಬರೆಯುತ್ತಾ, ಮನೆಯೊಳಗೆ ಆಯುಧ ಏನು ಮಾಡುತ್ತೆ ಅನ್ನೋದಕ್ಕೆ ಒಂದೇ ಒಂದು ಉದಾಹರಣೆ ಸಿಗದೆ ಒದ್ದಾಡುತ್ತಿದ್ದರು. ಅದೇ ಕಚೇರಿ, ಪಕ್ಕದ ಮೇಜು. ನಾನು ಕೇಳಲಿಲ್ಲ. ನನ್ನ ನೋಟ್ಸ್ ಅವರು ನೋಡುವ ಹೊತ್ತಿಗೆ ನಮ್ಮ ವರದಿ, ಅವರ ಮನವಿ ಎರಡೂ ಹೋಗಿಯಾಗಿತ್ತು.

ಸಮಿತಿಯ ಶಿಫಾರಸುಗಳು ಬಂದವು. ಆಶ್ರಯ ಮನೆ, ಪೊಲೀಸರಿಗೆ ತರಬೇತಿ, ಸಹಾಯವಾಣಿ, ಎಲ್ಲ ಇತ್ತು. ಆಯುಧದ ಬಗ್ಗೆ ಒಂದು ಸಾಲೂ ಇರಲಿಲ್ಲ. ಇರುವುದಾದರೂ ಹೇಗೆ? ನಾವೇ ಹೇಳಿರಲಿಲ್ಲ. ಮುಂದಿನ ಸರದಿ ಬರಲು ವರ್ಷಗಳೇ ಬೇಕು. ಆ ಹೆಂಗಸಿಗೆ ಸಹಾಯವಾಣಿಯ ನಂಬರ್ ಸಿಕ್ಕಿತು. ಬಂದೂಕು ಬೀರುವಿನ ಮೇಲೇ ಉಳಿಯಿತು.

ಹೊಟ್ಟೆ ಉರಿಯೋದು ಏನಂದ್ರೆ, ದಾರಿ ಆಗಲೇ ತೆರೆದಿತ್ತು. ಇದೇ ಸೀಡಾ ಸಮಿತಿ 2013ರಲ್ಲಿ ಎಲ್ಲ ಸದಸ್ಯ ದೇಶಗಳಿಗೂ ಅಂತ ಕೊಟ್ಟ 30ನೇ ಸಾಮಾನ್ಯ ಶಿಫಾರಸು ಯುದ್ಧ, ಸಂಘರ್ಷಗಳಲ್ಲಿ ಮಹಿಳೆಯರ ಸ್ಥಿತಿ ಬಗ್ಗೆಯೇ ಇದೆ. ಸಣ್ಣ ಆಯುಧಗಳ ಮಾತೂ ಅದರಲ್ಲಿದೆ. ಅದೇ ವರ್ಷದ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದದ 7ನೇ ವಿಧಿಯ ಪ್ರಕಾರ, ಆಯುಧ ರಫ್ತಿಗೆ ಅನುಮತಿ ಕೊಡುವ ಮುನ್ನ ಅದು ಲಿಂಗಾಧಾರಿತ ಹಿಂಸೆಗೆ ಬಳಕೆಯಾಗುವ ಅಪಾಯವನ್ನೂ ತೂಗಬೇಕು. ಆ ವಿಧಿ ತಾನಾಗಿ ಬಂದದ್ದಲ್ಲ, ಮಹಿಳಾ ಸಂಘಟನೆಗಳು ಹಟ ಹಿಡಿದು ಸೇರಿಸಿದ್ದು.

ಹಾಗಾಗಿ 'ಶಾಂತಿಯಾ, ಹಕ್ಕಾ' ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. 1915ರ ಏಪ್ರಿಲ್‌ನಲ್ಲಿ, ಮೊದಲ ಮಹಾಯುದ್ಧ ಉರಿಯುತ್ತಿದ್ದಾಗ, ಹೇಗ್ ನಗರದಲ್ಲಿ 12 ದೇಶಗಳ ಸಾವಿರಕ್ಕೂ ಹೆಚ್ಚು ಹೆಂಗಸರು ಸೇರಿದ್ದರು. ಪರಸ್ಪರ ಯುದ್ಧದಲ್ಲಿದ್ದ ದೇಶಗಳವರೂ ಅಲ್ಲಿದ್ದರು. ಪ್ರತಿನಿಧಿಯಾಗಿ ಬರಬೇಕಾದರೆ ಎರಡು ಮಾತು ಒಪ್ಪಲೇಬೇಕಿತ್ತು: ದೇಶಗಳ ಜಗಳ ಶಾಂತಿಯಿಂದ ಬಗೆಹರಿಯಬೇಕು, ಹೆಂಗಸರಿಗೆ ಮತದಾನದ ಹಕ್ಕು ಸಿಗಬೇಕು. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವ ಹಾಗಿರಲಿಲ್ಲ. ಅಲ್ಲಿಂದ ಹುಟ್ಟಿದ 'ಶಾಂತಿ ಮತ್ತು ಸ್ವಾತಂತ್ರ್ಯಕ್ಕಾಗಿ ಮಹಿಳೆಯರ ಅಂತಾರಾಷ್ಟ್ರೀಯ ಲೀಗ್' ಇವತ್ತಿಗೂ ಕೆಲಸ ಮಾಡುತ್ತಿದೆ. ಹೇಗ್ ಸಭೆಯ ಅಧ್ಯಕ್ಷತೆ ವಹಿಸಿದ್ದ ಅಮೆರಿಕದ ಜೇನ್ ಆಡಮ್ಸ್ ಅವರಿಗೆ ಆಮೇಲೆ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು.

ಮೆರವಣಿಗೆಯನ್ನೂ ಅಷ್ಟು ಹಗುರವಾಗಿ ನೋಡಬೇಡಿ. 2003ರಲ್ಲಿ ಪಶ್ಚಿಮ ಆಫ್ರಿಕಾದ ಲೈಬೀರಿಯಾದ ಹೆಂಗಸರು, ಅಲ್ಲಿನ ಅಂತರ್ಯುದ್ಧ ನಿಲ್ಲಲಿ ಅಂತ, ಬಿಳಿ ಬಟ್ಟೆ ಉಟ್ಟು ದಿನಾ ಬಂದು ರಸ್ತೆ ಬದಿ ಕೂತರು. ಘಾನಾದ ಅಕ್ರಾದಲ್ಲಿ ಸಂಧಾನ ಎಳೆದಾಡತೊಡಗಿದಾಗ ಈ ಹೆಂಗಸರ ನಾಯಕಿ ಲೇಮಾ ಬೋವಿ ಮತ್ತು ಸಂಗಡಿಗರು ಸಭಾಂಗಣದ ಬಾಗಿಲಿಗೇ ಅಡ್ಡ ಕೂತು, ಒಳಗಿದ್ದ ಗಂಡಸರನ್ನು ಹೊರಗೆ ಬಿಡಲಿಲ್ಲ. ಆ ಆಗಸ್ಟ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಅಂದಹಾಗೆ, ನಾನು ಹೇಳಿದ ಆ ಹೆಂಗಸರು ನಮ್ಮನ್ನು ಮನೆಯೊಳಗೆ ಬಿಟ್ಟುಕೊಂಡಿದ್ದೂ ನಾವು ಅವರೂರಿನ ಚೌಕದಲ್ಲಿ ಶಾಂತಿಗಾಗಿ ಮೌನವಾಗಿ ನಿಂತಿದ್ದನ್ನು ನೋಡಿದ್ದರಿಂದಲೇ.

ಸೇರಿ. ಆದರೆ ಸೇರುವ ಮೊದಲು ಹಳೆಯ ಸಭೆಗಳ ನಡಾವಳಿ ಪುಸ್ತಕ ಕೇಳಿ ತೆಗೆಸಿ ಓದಿ. ಹೆಂಗಸರು ಹೇಳಿದ್ದು ಅವರ ಮಾತಲ್ಲೇ ಇದೆಯಾ, ಒಂದು ತಂಡದವರು ಬರೆದದ್ದನ್ನು ಇನ್ನೊಂದು ತಂಡದವರು ಓದುತ್ತಾರಾ ಅಂತ ನೋಡಿ. ವರದಿ ಕಳಿಸುವ ಮುನ್ನ ಮಾತು ಕೊಟ್ಟವರಿಗೆ ಅದನ್ನು ಓದಿ ಹೇಳುತ್ತಾರಾ ಅಂತಲೂ ಕೇಳಿ. ಪುಸ್ತಕ ತೋರಿಸೋಕೆ ಹಿಂದೆ ಮುಂದೆ ನೋಡಿದರೆ ಬೇರೆ ಸಂಘಟನೆ ಹುಡುಕಿ. ಕಾನೂನು ಓದಿಲ್ಲ ಅಂತ ಹಿಂಜರಿಯಬೇಡಿ, ವಿಧಿ ಹುಡುಕಿ ಕೊಡುವವರು ಯಾರಾದರೂ ಸಿಗುತ್ತಾರೆ. ಬೀರುವಿನ ಮೇಲೆ ಏನಿದೆ ಅಂತ ನೋಡಿ ಬರೆದುಕೊಳ್ಳುವವರು ಕಮ್ಮಿ.