ಹಳೆಯ ಕಾರಿನ ಪವರ್ ವಿಂಡೋ ಅರ್ಧಕ್ಕೆ ನಿಂತರೆ ಮೋಟರ್ ಬದಲಿಸಬೇಕೇ?

ಹೊಸ ಮೋಟರ್ ಕೊಳ್ಳುವುದೋ, ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಹಳೆಯದನ್ನು ತರುವುದೋ, ಇಲ್ಲವೇ ಗಾಜನ್ನು ಮೇಲೇರಿಸಿ ಶಾಶ್ವತವಾಗಿ ಮುಚ್ಚಿಬಿಡುವುದೋ ಎಂದು ಕೇಳಿದ್ದೀರಿ. ಸದ್ಯಕ್ಕೆ ಮೂರೂ ಬೇಡ. ಚಾಲಕನ ಕಡೆಯ ಗಾಜು ಅರ್ಧಕ್ಕೆ ನಿಲ್ಲುತ್ತದೆ, ಒಂದು ಕೈಯಲ್ಲಿ ಸ್ವಿಚ್ ಎತ್ತಿ ಹಿಡಿದು ಇನ್ನೊಂದು ಅಂಗೈಯಿಂದ ಗಾಜನ್ನು ನೂಕಿದರೆ ಮಾತ್ರ ಮುಚ್ಚಿಕೊಳ್ಳುತ್ತದೆ, ಹಿಂದಿನ ಎಡಬಾಗಿಲಿನ ಗಾಜು ಅಲುಗುವುದೇ ಇಲ್ಲ ಎಂದಿದ್ದೀರಿ. ಇವು ಎರಡು ಬೇರೆ ಬೇರೆ ಕಾಯಿಲೆಗಳು. ಮೊದಲನೆಯದನ್ನು ನನ್ನ 2008ರ ಹ್ಯಾಚ್‌ಬ್ಯಾಕ್‌ನಲ್ಲಿ ನಾನು ಚೆನ್ನಾಗಿಯೇ ಅನುಭವಿಸಿದ್ದೇನೆ. ‘ಮೋಟರ್ ವೀಕ್ ಆಗಿದೆ ಸಾರ್’ ಎಂದು ನಿಮಗೆ ಗ್ಯಾರೇಜಿನವರು ಹೇಳಿದ ಮಾತನ್ನೇ ನನಗೂ ಒಬ್ಬರು ಹೇಳಿದ್ದರು, ನಾನೂ ನಂಬಿದ್ದೆ.

ನನ್ನ ಕಾರು ಜಯನಗರದಲ್ಲಿ, ಮನೆಯೆದುರಿನ ಗುಲ್‌ಮೊಹರ್ ಮರದ ಕೆಳಗೆ ವರ್ಷಗಟ್ಟಲೆ ನಿಂತದ್ದು. ಗಾಜು ನಿಧಾನವಾಗಲು ತೊಡಗಿದಾಗ ನಾನು ಗಮನ ಕೊಡಲಿಲ್ಲ. ಆಮೇಲೆ ಅಂಗೈಯಿಂದ ನೂಕುವುದೇ ಅಭ್ಯಾಸವಾಯಿತು. ಟೋಲ್ ದಾಟಿದ ಮೇಲೆ, ಪಾರ್ಕಿಂಗ್ ಚೀಟಿ ಪಡೆದ ಮೇಲೆ, ಹಿಂದಿನವರು ಹಾರ್ನ್ ಹೊಡೆಯುತ್ತಿರುವಾಗ ನಾನು ಗಾಜಿನೊಂದಿಗೆ ಗುದ್ದಾಡುತ್ತಿದ್ದೆ. ಕೊನೆಗೆ ಜೆ.ಸಿ. ರಸ್ತೆಗೆ ಹೋಗಿ ಹೊಸ ಮೋಟರ್ ತಂದು, ಬಡಾವಣೆಯ ಗ್ಯಾರೇಜಿನಲ್ಲಿ ಹಾಕಿಸಿದೆ. ಗಾಜು ಸರಸರನೆ ಏರಿತು, ನಾನೂ ಖುಷಿಯಿಂದ ಮನೆಗೆ ಬಂದೆ. ಆ ಖುಷಿ ಮಳೆಗಾಲ ಮುಗಿಯುವವರೆಗೂ ಬಾಳಲಿಲ್ಲ. ಅಕ್ಟೋಬರಿನ ಒಂದು ಸಂಜೆ, ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲಿನಲ್ಲಿ ಮಳೆ ಜೋರಾಗಿ ಹೊಯ್ಯುತ್ತಿರುವಾಗ, ಬಾಗಿಲೊಳಗೆ ಟಪ್ಪೆಂದು ಏನೋ ಕಿತ್ತುಬಂದ ಸದ್ದಾಗಿ ಗಾಜು ಪೂರ್ತಿ ಒಳಕ್ಕೆ ಕುಸಿಯಿತು. ಮೋಟರ್ ಮಾತ್ರ ಗುಂಯ್ ಎಂದು ಆರಾಮವಾಗಿ ತಿರುಗುತ್ತಲೇ ಇತ್ತು.

ನಾನು ಎಡವಿದ್ದು ಎಲ್ಲಿ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯೂ ಅದೇ ತರ್ಕದ ಮೇಲೆ ನಿಂತಿದೆ. ಕೈಯಿಂದ ನೂಕಿದರೆ ಗಾಜು ಏರುತ್ತದೆ, ಆದ್ದರಿಂದ ಮೋಟರಿಗೆ ಶಕ್ತಿ ಸಾಲದು ಎಂದು ನಾನು ತೀರ್ಮಾನಿಸಿದ್ದೆ. ಆದರೆ ಮೋಟರ್ ದುರ್ಬಲವಾಗಿದ್ದರೂ ಕೈ ಕೊಟ್ಟರೆ ಗಾಜು ಏರುತ್ತದೆ, ಗಾಜು ತಾನು ಜಾರುವ ರಬ್ಬರ್ ಚಾನೆಲ್ಲಿನಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರೂ ಕೈ ಕೊಟ್ಟರೆ ಏರುತ್ತದೆ. ಎರಡರಲ್ಲೂ ಒಂದೇ ಫಲಿತಾಂಶ ಬರುವ ಪರೀಕ್ಷೆಯಿಂದ ಯಾವುದೂ ಸಾಬೀತಾಗುವುದಿಲ್ಲ. ನಾಲ್ಕಾರು ಬಾರಿ ಒತ್ತಿದ ಮೇಲೆ ಮೋಟರ್ ಸತ್ತಂತಾಗಿ, ಸ್ವಲ್ಪ ಹೊತ್ತಿನ ನಂತರ ಮತ್ತೆ ಜೀವ ಪಡೆಯುತ್ತಿದ್ದುದು ನನ್ನ ನಂಬಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿತು. ಇಂತಹ ಮೋಟರುಗಳೊಳಗೆ ಬಿಸಿ ಹೆಚ್ಚಾದರೆ ವಿದ್ಯುತ್ತನ್ನು ಕಡಿದು, ತಣಿದ ಮೇಲೆ ಮತ್ತೆ ಜೋಡಿಸುವ ರಕ್ಷಣೆ ಇರುತ್ತದೆ. ಅದು ತನ್ನ ಕೆಲಸ ಮಾಡುತ್ತಿತ್ತು, ನಾನು ಅದನ್ನೇ ದೋಷವೆಂದು ಓದಿಕೊಂಡೆ.

ಬಾಗಿಲಿನ ಒಳಗಿನ ಏರ್ಪಾಡು ಸರಳವಾಗಿದೆ. ಮೋಟರ್ ವರ್ಮ್ ಗೇರ್ ಎಂಬ ತಿರುಪಿನಾಕಾರದ ಗೇರಿನ ಮೂಲಕ ಒಂದು ಡ್ರಮ್ಮನ್ನು ತಿರುಗಿಸುತ್ತದೆ, ಡ್ರಮ್ಮಿಗೆ ಸುತ್ತಿದ ಉಕ್ಕಿನ ಕೇಬಲ್ ಒಂದು ಹಳಿಯ ಮೇಲೆ ಪ್ಲಾಸ್ಟಿಕ್ ಸ್ಲೈಡರನ್ನು ಎಳೆಯುತ್ತದೆ, ಗಾಜು ಆ ಸ್ಲೈಡರಿಗೆ ಬೋಲ್ಟ್ ಆಗಿರುತ್ತದೆ. (ಕೆಲವು ಕಾರುಗಳಲ್ಲಿ ಕೇಬಲ್ಲಿನ ಬದಲು ಕತ್ತರಿಯಾಕಾರದ ಕೈಗಳಿರುತ್ತವೆ, ಅದರೊಳಗೆ ಬೆರಳು ಇಡುವ ಮೊದಲು ಬ್ಯಾಟರಿ ಕಳಚಿ.) ನನ್ನ ಕಾರಿನಲ್ಲಿ ಗಾಜಿನ ಎರಡು ಅಂಚುಗಳೂ ಜಾರುವ ರಬ್ಬರ್ ಬೀಡಿಂಗ್ ಬಿಸಿಲಿಗೆ ಗಟ್ಟಿಯಾಗಿ, ಒಳಮೈಯ ಮೃದುವಾದ ಪದರ ಸವೆದು, ಗಾಜನ್ನು ಇಕ್ಕಳದಂತೆ ಹಿಡಿದಿತ್ತು. ಹಳೆಯ ಮೋಟರ್ ಆ ಹಿಡಿತಕ್ಕೆ ಸೋತು ನಿಲ್ಲುತ್ತಿತ್ತು. ಹೊಸದು ಸೋಲಲಿಲ್ಲ, ಬದಲಿಗೆ ಕೇಬಲ್ಲನ್ನೇ ಜಗ್ಗಿ ಎಳೆ ಎಳೆಯಾಗಿ ಬಿಚ್ಚಿಸಿತು. ನಾನು ಅಂಗೈಯಿಂದ ಒಂದೇ ಪಕ್ಕಕ್ಕೆ ನೂಕಿ ನೂಕಿ ಗಾಜನ್ನು ವಾಲಿಸಿದ್ದರಿಂದ ಸ್ಲೈಡರ್ ಆಗಲೇ ಬಿರುಕು ಬಿಟ್ಟಿತ್ತು. ಹೀಗಾಗಿ ಮೋಟರಿನ ದುಡ್ಡಿನ ಮೇಲೆ ರೆಗ್ಯುಲೇಟರಿನ, ಅಂದರೆ ಈ ಕೇಬಲ್, ಹಳಿ, ಸ್ಲೈಡರುಗಳ ಇಡೀ ಜೋಡಣೆಯ, ದುಡ್ಡೂ ಹೋಯಿತು; ಕೊನೆಗೆ ಹಾಕಿಸಲೇಬೇಕಾದ ಬೀಡಿಂಗ್ ಇವೆರಡಕ್ಕಿಂತ ಎಷ್ಟೋ ಅಗ್ಗವಾಗಿತ್ತು.

ಇದನ್ನು ತೋರಿಸಿಕೊಟ್ಟವರು ವಿಲ್ಸನ್ ಗಾರ್ಡನ್ನಿನ ವಯಸ್ಸಾದ ಮೆಕ್ಯಾನಿಕ್ ಒಬ್ಬರು. ಅವರು ಡೋರ್ ಪ್ಯಾಡ್ ತೆಗೆದು, ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಅದರ ಕಪ್ಪು ಅಂಟು ನೂಲಿನಂತೆ ಎಳೆದುಕೊಳ್ಳುತ್ತಿದ್ದರೂ ಹರಿಯದಂತೆ ಬಿಡಿಸಿ, ಗಾಜನ್ನು ಕೈಯಲ್ಲೇ ಮೇಲಕ್ಕೆತ್ತಿ ‘ನೀವೇ ಹಿಡಿದು ನೋಡಿ’ ಎಂದರು. ಬರಿಗೈಯಲ್ಲಿ ನನಗೆ ಅದನ್ನು ಅರ್ಧಕ್ಕಿಂತ ಮೇಲೆ ಜರುಗಿಸಲು ಆಗಲಿಲ್ಲ. ನಂತರ ಬಾಗಿಲಿನ ತಳಕ್ಕೆ ಟಾರ್ಚ್ ಬಿಟ್ಟರು. ಗುಲ್‌ಮೊಹರಿನ ಸಣ್ಣ ಸಣ್ಣ ಎಲೆಗಳು ಹೊರಗಿನ ಪಟ್ಟಿಯ ಸಂದಿನಿಂದ ಇಳಿದು, ಕೊಳೆತು, ಕಪ್ಪು ಕೆಸರಾಗಿ, ನೀರು ಹೊರಹೋಗಬೇಕಾದ ರಂಧ್ರಗಳನ್ನು ಮುಚ್ಚಿಬಿಟ್ಟಿದ್ದವು. ಮಳೆನೀರು ಗಾಜಿನ ಗುಂಟ ಬಾಗಿಲೊಳಗೆ ಇಳಿಯುವುದು ಸಹಜ, ಅದು ತಳದ ರಂಧ್ರಗಳಿಂದ ಹರಿದು ಹೋಗಲೆಂದೇ ಬಾಗಿಲನ್ನು ಹಾಗೆ ಮಾಡಿರುತ್ತಾರೆ. ಅವರು ಪೊರಕೆಯ ತೆಂಗಿನ ಕಡ್ಡಿಯೊಂದನ್ನು ತೂರಿಸಿದೊಡನೆ ಕಪ್ಪು ನೀರು ದಬದಬನೆ ಸುರಿಯಿತು.

ಆದ್ದರಿಂದ ನಿಮ್ಮ ಮೆಕ್ಯಾನಿಕ್‌ಗೆ ಮೊದಲು ಹೇಳಬೇಕಾದದ್ದು ಇಷ್ಟು: ಗಾಜನ್ನು ಸ್ಲೈಡರಿನಿಂದ ಬಿಚ್ಚಿ, ಬರಿಯ ರೆಗ್ಯುಲೇಟರನ್ನು ಓಡಿಸಿ ನೋಡಿ, ಗಾಜನ್ನು ಬೇರೆಯಾಗಿ ಕೈಯಲ್ಲಿ ಜಾರಿಸಿ ನೋಡಿ. ಗಾಜನ್ನು ನೂಕಿ ವರ್ಮ್ ಗೇರನ್ನು ಹಿಮ್ಮುಖವಾಗಿ ತಿರುಗಿಸಲು ಆಗುವುದಿಲ್ಲವಾದ್ದರಿಂದ ಬಿಚ್ಚದೆ ಗಾಜಿನ ಬಿಗಿತ ತಿಳಿಯುವುದಿಲ್ಲ. ಬಿಚ್ಚುವ ಮುನ್ನ ಗಾಜನ್ನು ಬಾಗಿಲಿನ ಚೌಕಟ್ಟಿಗೆ ಅಗಲವಾದ ಟೇಪಿನಿಂದ ಅಂಟಿಸದಿದ್ದರೆ ಅದು ಕೆಳಗೆ ಬಿದ್ದು ಒಡೆಯಬಹುದು. ಗಾಜು ಹಗುರವಾಗಿ ಜಾರಿ, ರೆಗ್ಯುಲೇಟರ್ ಖಾಲಿಯಾಗಿಯೂ ತಿಣುಕಿದರೆ ಆಗ ಮೋಟರಿನ ಮೇಲೆ ಅನುಮಾನ ಪಡಬಹುದು, ಅದೂ ಮೋಟರಿಗೆ ತಲುಪುವ ವೋಲ್ಟೇಜ್ ಅಳೆದ ಮೇಲೆ. ಇಂಜಿನ್ ಆಫ್ ಇರುವಾಗ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸ್ವಿಚ್ ಒತ್ತಿ ಹಿಡಿದಾಗ ಮೋಟರಿನ ಕನೆಕ್ಟರಿನಲ್ಲಿ 9 ಮಾತ್ರ ಬರುತ್ತಿದ್ದರೆ ಉಳಿದದ್ದು ದಾರಿಯಲ್ಲೇ ಸೋರುತ್ತಿದೆ ಎಂದರ್ಥ, ಹೆಚ್ಚಾಗಿ ಸ್ವಿಚ್ಚಿನೊಳಗೆ ಕಿಡಿ ಹಾರಿ ಕರಿ ಕಟ್ಟಿದ ಸಂಪರ್ಕಬಿಂದುಗಳಲ್ಲಿ. ಕನೆಕ್ಟರನ್ನು ಕಿತ್ತು ಅಳೆದರೆ ಉಪಯೋಗವಿಲ್ಲ. ಹೊರೆಯಿಲ್ಲದಿದ್ದಾಗ ಕೆಟ್ಟ ಸ್ವಿಚ್ ಕೂಡ ಪೂರ್ತಿ 12 ವೋಲ್ಟ್ ತೋರಿಸಿ ಯಾಮಾರಿಸುತ್ತದೆ.

ಬೀಡಿಂಗ್ ಇನ್ನೂ ಮೆತ್ತಗಿದ್ದು ಬರಿಯ ಧೂಳು ಹಿಡಿದಿದ್ದರೆ ಒದ್ದೆಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆದರೆ ಸಾಕು. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಹಚ್ಚಬೇಡಿ, ಗ್ರೀಸ್ ಬಳಿಯಬೇಡಿ. ಮೆಟ್ರೊ ಕಾಮಗಾರಿಯ ಧೂಳೆಲ್ಲ ಅದಕ್ಕೆ ಮೆತ್ತಿಕೊಂಡು ಗಾಜು ಮೊದಲಿಗಿಂತ ಹೆಚ್ಚು ಸಿಕ್ಕಿಕೊಳ್ಳುತ್ತದೆ. ಶಿವಾಜಿನಗರದ ಬಗ್ಗೆ ನನಗೆ ತಕರಾರಿಲ್ಲ, ಡೋರ್ ಪ್ಯಾಡಿನ ಕ್ಲಿಪ್ಪು, ಹಿಡಿಕೆ, ಗಾಜು ಇಂಥವನ್ನು ನಾನೇ ಅಲ್ಲಿಂದ ತಂದಿದ್ದೇನೆ. ಆದರೆ ಯಾವ ಬಾಗಿಲಿನಲ್ಲಿ ಎಷ್ಟು ವರ್ಷ ನೀರಿನಲ್ಲಿ ನೆನೆದಿತ್ತೋ ತಿಳಿಯದ ಮೋಟರನ್ನು ಮತ್ತು ಬಳಸಿದ ರಬ್ಬರನ್ನು ಯಾರಿಗೂ ಶಿಫಾರಸು ಮಾಡಲಾರೆ.

ಇನ್ನು ಗಾಜನ್ನು ಶಾಶ್ವತವಾಗಿ ಮುಚ್ಚುವ ಯೋಚನೆಯನ್ನು ದಯವಿಟ್ಟು ಬಿಡಿ. 2023ರ ಮೇ ತಿಂಗಳಿನ ಮಳೆಯಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡ ಊರು ಇದು. ಹೊರಗೆ ನೀರು ಏರಿದರೆ ಅದರ ಒತ್ತಡಕ್ಕೆ ಬಾಗಿಲು ತೆರೆಯುವುದು ಕಷ್ಟ, ಆಗ ಉಳಿಯುವ ದಾರಿ ಕಿಟಕಿಯೊಂದೇ.

ಹಿಂದಿನ ಎಡಬಾಗಿಲಿಗೆ ಬಂದರೆ, ಮೊದಲು ಚಾಲಕನ ಸ್ವಿಚ್ ಫಲಕದಲ್ಲಿರುವ ವಿಂಡೋ ಲಾಕ್ ಗುಂಡಿ ಒತ್ತಿಕೊಂಡಿದೆಯೇ ನೋಡಿ. ನಗಬೇಡಿ, ಮಕ್ಕಳಿರುವ ಮನೆಯಲ್ಲಿ ಇದು ನಡೆಯುತ್ತಲೇ ಇರುತ್ತದೆ. ಹಳೆಯ ಎಷ್ಟೋ ಕಾರುಗಳಲ್ಲಿ ಹಿಂದಿನ ಕಿಟಕಿಯ ವಿದ್ಯುತ್ತು ಚಾಲಕನ ಈ ಮುಖ್ಯ ಸ್ವಿಚ್ಚನ್ನು ಹಾದೇ ಹೋಗುವುದರಿಂದ, ಮುಂದಿನ ಸ್ವಿಚ್ ಕೆಟ್ಟರೆ ಹಿಂದಿನ ಗಾಜು ಮುಂದಿನ ಸ್ವಿಚ್ಚಿಗೂ ಹಿಂದಿನ ಸ್ವಿಚ್ಚಿಗೂ ಕೆಲಸ ಮಾಡುವುದಿಲ್ಲ. ಅದೂ ಸರಿಯಿದ್ದರೆ ಸ್ವಿಚ್ ಒತ್ತಿ ಹಿಡಿದುಕೊಂಡೇ ಬಾಗಿಲನ್ನು ನಿಧಾನವಾಗಿ ತೆರೆದು ಮುಚ್ಚಿ ನೋಡಿ. ಯಾವುದೋ ಒಂದು ಕೋನದಲ್ಲಿ ಗಾಜು ಮಿಸುಕಿದರೆ ಬಾಗಿಲಿಗೂ ಅದು ಕೂತಿರುವ ಕಾರಿನ ಕಂಬಕ್ಕೂ ನಡುವಿನ ರಬ್ಬರ್ ಕೊಳವೆಯಲ್ಲಿ ತಂತಿ ತುಂಡಾಗಿದೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ತಾಮ್ರ ಮುರಿದಿರುತ್ತದೆ. ಹೊಸ ತಂತಿಯ ತುಂಡು ಸೇರಿಸುವಾಗ ಬೆಸುಗೆಯ ಜಾಗ ಆ ಕೊಳವೆಯೊಳಗೆ ಬರಕೂಡದು, ಏಕೆಂದರೆ ಬೆಸುಗೆ ಹಾಕಿದ ಕಡೆ ತಂತಿ ಬಾಗದೆ ಮತ್ತೆ ಅಲ್ಲೇ ಮುರಿಯುತ್ತದೆ. ಎಲ್ಲ ಮುಗಿದು ಡೋರ್ ಪ್ಯಾಡ್ ಹಾಕುವ ಮುನ್ನ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸಿದ್ದಾರೆಯೇ ಎಂದು ನೀವೇ ನಿಂತು ನೋಡಿ. ‘ಅದು ಬೇಕಿಲ್ಲ ಸಾರ್’ ಎಂದು ಬಿಸಾಡಿಬಿಟ್ಟರೆ ಮುಂದಿನ ಮಳೆಗೆ ಕಾಲಡಿಯ ಕಾರ್ಪೆಟ್ ನೆನೆಯುತ್ತದೆ.