ಫೈಬರ್‌ಗ್ಲಾಸ್ ಬಾಗಿಲಿನ ಸ್ಟೇನ್ ಸಿಪ್ಪೆ ಏಳುತ್ತಿದ್ದರೆ

ಅಮೆರಿಕದ ಆಸ್ಟಿನ್‌ನಲ್ಲಿರೋ ನಿಮ್ಮ ಮನೆಯ, ಪಶ್ಚಿಮಕ್ಕೆ ಮುಖ ಮಾಡಿದ ಫೈಬರ್‌ಗ್ಲಾಸ್ ಬಾಗಿಲಿನ ಸ್ಟೇನ್ ಆರನೇ ವರ್ಷಕ್ಕೇ ಸಿಪ್ಪೆ ಏಳ್ತಿದೆ, ಏನು ಮಾಡೋದು ಅಂತ ಕೇಳಿದ್ದೀರಿ. ಮೊದಲು ಕೆಟ್ಟಿರೋದು ಬಹುಶಃ ಸ್ಟೇನ್ (ಮರದಂತೆ ಕಾಣಿಸೋ ಬಣ್ಣ) ಅಲ್ಲ, ಅದರ ಮೇಲಿನ ಕ್ಲಿಯರ್ ಕೋಟ್ (ಬಣ್ಣವಿಲ್ಲದ ರಕ್ಷಣಾ ಲೇಪ). ಬಿಸಿಲಿಗೆ ಅದು ಬಿರುಕು ಬಿಟ್ಟರೆ ಕೆಳಗಿನ ಬಣ್ಣವೂ ಹೋಗುತ್ತೆ.

ಮರ ಅಂದುಕೊಂಡು ಸ್ಯಾಂಡ್‌ಪೇಪರ್ ಹಿಡಿಯಬೇಡಿ. ಬಾಗಿಲ ಮೇಲಿನ ಮರದಂಥ ಗೆರೆಗಳು ಅಚ್ಚಿನಲ್ಲಿ ಮೂಡಿಸಿದವು, ಉಜ್ಜಿಹೋದರೆ ಮತ್ತೆ ಬರಲ್ಲ.

ಬಾಗಿಲು ಕಳಚಿ ನೆರಳಲ್ಲಿ ಮಲಗಿಸಿ. ಡಬ್ಬಿಯ ಮೇಲೆ ಫೈಬರ್‌ಗ್ಲಾಸ್‌ಗೆ ಆಗುತ್ತೆ ಅಂತ ಬರೆದಿರೋ ಸ್ಟ್ರಿಪ್ಪರ್ (ಹಳೆ ಬಣ್ಣ ಬಿಡಿಸೋ ರಾಸಾಯನಿಕ) ಮಾತ್ರ ತನ್ನಿ, ತೀಕ್ಷ್ಣವಾದದ್ದು ಬಾಗಿಲನ್ನೇ ಮೆತ್ತಗೆ ಮಾಡಿಬಿಡುತ್ತೆ. ಮೊದಲು ಕೆಳಗಿನ ಮೂಲೆಯಲ್ಲಿ ಹಚ್ಚಿ ನೋಡಿ. ಸರಿಹೋದರೆ ಉಳಿದದ್ದಕ್ಕೂ ಹಚ್ಚಿ, ನೈಲಾನ್ ಬ್ರಷ್‌ನಲ್ಲಿ ಗೆರೆಯುದ್ದಕ್ಕೇ ಉಜ್ಜಿ. ತಂತಿ ಬ್ರಷ್ ಬೇಡ. ಕಾರ್ಖಾನೆಯಲ್ಲೇ ಹಾಕಿದ ಬಣ್ಣವಾದರೆ ಪೂರ್ತಿ ಬಿಡದೆಯೂ ಇರಬಹುದು. ಗಟ್ಟಿಯಾಗಿ ಕೂತದ್ದು ಇರಲಿ, ಸ್ವಲ್ಪ ಗಾಢ ಬಣ್ಣ ಆರಿಸಿದರೆ ಮುಚ್ಚಿಹೋಗುತ್ತೆ. ಮಿನರಲ್ ಸ್ಪಿರಿಟ್ಸ್‌ನಲ್ಲಿ (ಬಣ್ಣ ತೆಳುವಾಗಿಸೋ ದ್ರಾವಕ) ಒರೆಸಿ ಚೆನ್ನಾಗಿ ಒಣಗಿಸಿ.

ಮಾಮೂಲಿ ವುಡ್ ಸ್ಟೇನ್ ಇಲ್ಲಿ ನಿಲ್ಲಲ್ಲ, ಹೀರಿಕೊಳ್ಳೋಕೆ ಮರವೇ ಇಲ್ಲವಲ್ಲ. ಮೇಲ್ಮೈ ಮೇಲೇ ಕೂರೋ ದಪ್ಪನೆಯ ಜೆಲ್ ಸ್ಟೇನನ್ನು ಬಟ್ಟೆಯಲ್ಲಿ ಹಚ್ಚಿ, ಒಣ ಬ್ರಷ್‌ನಿಂದ ಗೆರೆಯುದ್ದಕ್ಕೂ ಎಳೆಯಿರಿ. ಆ ಬಟ್ಟೆ ಮುದುಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹತ್ತಬಹುದು; ಹೊರಗೆ ಹರವಿ ಒಣಗಿಸಿ.

ಸ್ಟೇನ್ ಪೂರ್ತಿ ಒಣಗೋಕೆ 24ರಿಂದ 48 ಗಂಟೆ ಬಿಡಿ. ಆಮೇಲೆ ಯುವಿ (ಬಿಸಿಲಿನ ಅತಿನೇರಳೆ ಕಿರಣ) ತಡೆಯುವ ಹೊರಾಂಗಣದ ಕ್ಲಿಯರ್ ಕೋಟ್ 2–3 ಸಲ ಹಚ್ಚಿ, ಮೇಲಿನ ಕೆಳಗಿನ ಅಂಚುಗಳಿಗೂ.