ಪಡೀಲಿನಲ್ಲಿರುವ ಕಂಕನಾಡಿ ಸ್ಟೇಷನ್

ಬಜಾಲಿನ ಓದುಗರೊಬ್ಬರ ಪತ್ರ: "ಮಂಗಳೂರು ಜಂಕ್ಷನ್ ಕೊಂಕಣ ರೈಲಿನ ಜತೆಗೆ ಹುಟ್ಟಿದ್ದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅದು ಕಂಕನಾಡಿ ಸ್ಟೇಷನ್ ಆಗಿದ್ದಾಗ, ಕೊಂಕಣ ರೈಲು ಬರುವ ಎಷ್ಟೋ ವರ್ಷ ಮೊದಲೇ ನಮ್ಮ ತಂದೆ ಅಲ್ಲಿಂದ ಪ್ರಯಾಣ ಮಾಡಿದ್ದರು. ಇನ್ನೊಂದು ಪ್ರಶ್ನೆ. ಮುಂಬಯಿ–ಕೇರಳ ರೈಲುಗಳು ಪೇಟೆಯೊಳಗಿನ ಸೆಂಟ್ರಲ್ಲಿಗೆ ಯಾಕೆ ಬರುವುದಿಲ್ಲ? ಇದು ಮಂಗಳೂರಿನ ಬಗ್ಗೆ ಅಸಡ್ಡೆಯಲ್ಲವೆ?"

ನಿಮ್ಮ ತಂದೆಯವರ ನೆನಪೇ ಸರಿ, ತಪ್ಪು ನಮ್ಮದು. ಕೊಂಕಣ ರೈಲ್ವೆಯ ದಕ್ಷಿಣದ ತುದಿ ತೋಕೂರು. ಅಲ್ಲಿಂದ ಉಡುಪಿಗೆ ರೈಲು ಓಡಿದ್ದು 1993ರ ಮಾರ್ಚಿನಲ್ಲಿ, ಮಹಾರಾಷ್ಟ್ರದ ರೋಹಾದವರೆಗಿನ ಇಡೀ ಮಾರ್ಗ ಲೋಕಾರ್ಪಣೆಯಾದದ್ದು 1998ರ ಜನವರಿ 26ರಂದು. ಪಡೀಲಿನ ಕಂಕನಾಡಿ ಸ್ಟೇಷನ್, ಅಂದರೆ ಇವತ್ತಿನ ಮಂಗಳೂರು ಜಂಕ್ಷನ್, ಅದಕ್ಕಿಂತ ಹಳೆಯದು, 1979ರಲ್ಲಿ ಪೂರ್ತಿಯಾದ ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗದ ಕಾಲದ್ದು.

ಎರಡನೇ ಪ್ರಶ್ನೆಗೆ 1907ರಿಂದಲೇ ಶುರು ಮಾಡಬೇಕು. ಕೇರಳದ ಶೋರನೂರು ಕಡೆಯಿಂದ ಕರಾವಳಿಗುಂಟ ಬಂದ ಬ್ರಾಡ್‌ಗೇಜ್ ಹಳಿ ಆ ವರ್ಷ ನೇತ್ರಾವತಿ ದಾಟಿ ಊರಿಗೆ ಬಂತು. ಆಗಿನ ವ್ಯಾಪಾರವೆಲ್ಲ ಹಳೇ ಬಂದರಿನದು, ಹಳಿಯ ಮುಖವೂ ಬಂದರಿನ ಕಡೆಗೇ. ಉತ್ತರಕ್ಕೆ ಇನ್ನೊಂದು ಮಾರ್ಗ ಹೋಗಬೇಕೆಂಬ ಲೆಕ್ಕದಲ್ಲಿ ಆ ಸ್ಟೇಷನ್ ಕಟ್ಟಿದ್ದಲ್ಲ. ಇವತ್ತಿನ ಸೆಂಟ್ರಲ್ ಅದೇ, ಪ್ರಯಾಣಿಕರ ಗಾಡಿಗಳಿಗೆ ಅಲ್ಲಿಂದಾಚೆ ದಾರಿಯಿಲ್ಲ.

ಕೇರಳದಿಂದ ಬಂದ ಗಾಡಿ ಸೆಂಟ್ರಲ್ಲಿಗೆ ಹೋದರೆ, ಮತ್ತೆ ಉತ್ತರಕ್ಕೆ ಹೊರಡಲು ಹಿಂದುಮುಂದಾಗಬೇಕು. ಎಂಜಿನ್ ಕಳಚಬೇಕು, ಪಕ್ಕದ ಖಾಲಿ ಹಳಿಯಲ್ಲಿ ಅದನ್ನು ಇನ್ನೊಂದು ತುದಿಗೆ ತರಬೇಕು, ಕಪ್ಲಿಂಗ್ (ಬೋಗಿಗೆ ಎಂಜಿನ್ ಬಿಗಿಯುವ ಕೊಂಡಿ) ಹಾಕಿ ಬ್ರೇಕಿಗೆ ಬೇಕಾದ ಗಾಳಿಯ ಪೈಪುಗಳನ್ನು ಜೋಡಿಸಬೇಕು. ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ, ಬೋಗಿಗಳ ಗಾಳಿಯ ಟ್ಯಾಂಕು ತುಂಬುವ ಫೀಡ್ ಪೈಪಿನಲ್ಲಿ 6 ಕಿಲೋ ಒತ್ತಡ ಏರಬೇಕು. ಡ್ರೈವರ್ ಒತ್ತಡ ಇಳಿಸಿದಾಗ ಕೊನೆಯ ಬೋಗಿಯಲ್ಲಿರುವ ಗಾರ್ಡಿನ ಮೀಟರಿನಲ್ಲೂ ಅದು ಇಳಿಯಿತೇ ಎಂದು ನೋಡಿದ ಮೇಲೆಯೇ ಗಾಡಿ ಹೊರಡುವುದು. ಈ ಪರೀಕ್ಷೆಯಲ್ಲಿ ಅವಸರ ಸಲ್ಲದು. ನಡುವೆ ಪೈಪಿನ ಒಂದು ಕಾಕ್ (ಗಾಳಿ ತಡೆಯುವ ಕವಾಟ) ಮುಚ್ಚಿದ್ದರೂ ಅದರ ಹಿಂದಿನ ಬೋಗಿಗಳಿಗೆ ಎಂಜಿನ್ನಿನಿಂದ ಬ್ರೇಕ್ ಹಿಡಿಯುವುದಿಲ್ಲ. ಅಷ್ಟೂ ಹೊತ್ತು ಒಂದು ಪ್ಲಾಟ್‌ಫಾರ್ಮೂ ಒಂದು ಹಳಿಯೂ ಬೇರೆ ಗಾಡಿಗೆ ಸಿಗುವುದಿಲ್ಲ. ಬೆಂಗಳೂರು–ಕಣ್ಣೂರು ರೈಲಿನಲ್ಲಿ ಹೋದವರಿಗೆ ಸೆಂಟ್ರಲ್ಲಿನ ಈ ಕಾಯುವಿಕೆ ಗೊತ್ತೇ ಇದೆ. ನೇತ್ರಾವತಿ, ಮಂಗಳಾ ಎಕ್ಸ್‌ಪ್ರೆಸ್‌ಗಳು ಜಂಕ್ಷನ್ನಿನಲ್ಲೇ ನಿಂತು ನೇರ ಮುಂದೆ ಹೋಗುವುದಕ್ಕೆ ಇದೇ ಕಾರಣ. ಅಸಡ್ಡೆ ಎನ್ನುವುದಕ್ಕಿಂತ ಹಳಿಯ ದಿಕ್ಕು ಎನ್ನುವುದು ಸರಿ.

ಹಾಸನದ ಮಾರ್ಗದ ಕಷ್ಟ ಬೇರೆ ಬಗೆಯದು. ಮೀಟರ್‌ಗೇಜಿನ ಹಳಿಗಳ ನಡುವೆ 1,000 ಮಿ.ಮೀ., ಬ್ರಾಡ್‌ಗೇಜಿನಲ್ಲಿ 1,676. ಒಂದರ ಬೋಗಿ ಇನ್ನೊಂದರ ಮೇಲೆ ಓಡದು, ಸರಕನ್ನು ಇಳಿಸಿ ಮತ್ತೆ ತುಂಬಲೇಬೇಕು. ಹಾಗಾಗಿ ಅದನ್ನು ಬ್ರಾಡ್‌ಗೇಜ್ ಮಾಡಲು ಕೈಹಾಕಿದರು. ಆದರೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ, 50 ಅಡಿ ಸಾಗಿದರೆ 1 ಅಡಿ ಏರುವ ಹಾದಿ. ಗೂಡ್ಸ್ ಓಡಲು 2006 ಬಂತು, ಪ್ರಯಾಣಿಕರ ರೈಲಿಗೆ 2007ರ ಡಿಸೆಂಬರ್. ಅಷ್ಟು ವರ್ಷ ಮಂಗಳೂರಿನವರು ಬೆಂಗಳೂರಿಗೆ ರಾತ್ರಿ ಬಸ್ಸನ್ನೇ ನಂಬಿದ್ದರು.

ಪಡೀಲಿನ ಉತ್ತರಕ್ಕೆ ಹೋದರೆ ಕುಲಶೇಖರದ ಗುಡ್ಡ. ನಮ್ಮ ಕಡೆಯ ಮುರಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣು ಇರುತ್ತದೆ. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಕೆಸರಾಗಿ ಜಾರುತ್ತದೆ, ಮೇಲಿನ ಕಲ್ಲನ್ನೂ ಎಳೆದುಕೊಂಡು ಬರುತ್ತದೆ. 2019ರ ಆಗಸ್ಟಿನಲ್ಲಿ ಇಲ್ಲಿ ಗುಡ್ಡ ಜರಿದು ಕೊಂಕಣ ಮಾರ್ಗದ ರೈಲುಗಳು ದಿನಗಟ್ಟಲೆ ನಿಂತವು. ಕೊನೆಗೆ ಪಕ್ಕದಲ್ಲಿ ಬದಲಿ ಹಳಿ ಹಾಕಬೇಕಾಯಿತು. ಇಂಥ ಕಡೆ ಮಳೆಗಾಲಕ್ಕೆ ಮೊದಲೇ ಗುಡ್ಡದ ನೆತ್ತಿಯ ಚರಂಡಿ ಬಿಡಿಸಿ ನೀರನ್ನು ಬದಿಗೆ ಹರಿಸಬೇಕು. ಬುಡದಲ್ಲಿ ಎಷ್ಟು ಎತ್ತರದ ಗೋಡೆ ಕಟ್ಟಿದರೂ ಒಳಗಿಳಿದ ನೀರು ಅದನ್ನು ಹಿಂದಿನಿಂದ ನೂಕುತ್ತದೆ.

ನಿಮ್ಮ ಪತ್ರದಲ್ಲಿಲ್ಲದ ಒಂದು ಮಾತನ್ನೂ ಸೇರಿಸಬೇಕು. ಬೆಂಗಳೂರು–ಕಾರವಾರ ರೈಲಿನ ಬೋಗಿಗಳು ಮೊದಲು ಕಣ್ಣೂರಿನ ಗಾಡಿಗೆ ಅಂಟಿಕೊಂಡು ಬಂದು ಸೆಂಟ್ರಲ್ಲಿನಲ್ಲಿ ಬೇರೆಯಾಗುತ್ತಿದ್ದವು. 2020ರ ಮಾರ್ಚಿನಲ್ಲಿ ಶುರುವಾದ ಪಂಚಗಂಗಾ ಎಕ್ಸ್‌ಪ್ರೆಸ್ ಪಡೀಲಿನ ಬೈಪಾಸ್ ಹಿಡಿದು ಸೀದಾ ಸುರತ್ಕಲ್ಲಿಗೆ ಹೋಗುತ್ತದೆ, ಜಂಕ್ಷನ್ನಿಗೂ ಬರುವುದಿಲ್ಲ. ಉಡುಪಿ, ಕುಂದಾಪುರ, ಕಾರವಾರದವರಿಗೆ ಗಂಟೆಗಳು ಉಳಿದವು, ಅದು ನ್ಯಾಯವೇ. ಆದರೆ ಮಂಗಳೂರಿನಿಂದ ಆ ಕಡೆಗಿದ್ದ ಒಂದು ಗಾಡಿ ಕೈತಪ್ಪಿತು, ಅದಕ್ಕೆ ಬದಲಿ ಕೇಳುವುದೂ ನ್ಯಾಯವೇ.

ಊರಿಗೆ ಬರುವ ನೆಂಟರಿಗೆ ಇಷ್ಟು ತಿಳಿಸಿ: ಟಿಕೆಟಿನಲ್ಲಿ ಎಂಎಕ್ಯೂ ಎಂದಿದ್ದರೆ ಸೆಂಟ್ರಲ್, ಎಂಎಜೆಎನ್ ಎಂದಿದ್ದರೆ ಪಡೀಲಿನ ಜಂಕ್ಷನ್. ನಡುವೆ ಐದಾರು ಕಿ.ಮೀ. ಇದೆ, ಸಂಜೆಯ ಹೊತ್ತು ಪಂಪ್‌ವೆಲ್ಲಿನ ವಾಹನ ದಟ್ಟಣೆಯಲ್ಲಿ ಸಿಕ್ಕಿಬಿದ್ದರೆ ಗಾಡಿ ತಪ್ಪುತ್ತದೆ. ಪಂಚಗಂಗಾದಲ್ಲಿ ಬರುವವರು ಬಂಟ್ವಾಳದಲ್ಲೋ ಸುರತ್ಕಲ್ಲಿನಲ್ಲೋ ಇಳಿಯಲಿ.